ಹೊನ್ನೆ ನೆಲಕ್ಕೆ ದಮ್ ಬಿಟ್ಟದ್ದು

ಮದ್ದೂರಿನ ದೊಡ್ಡತಾಯಮ್ಮನ ಅಡುಗೆಮನೆಯ ನೆಲ ಎಷ್ಟು ತಣ್ಣಗಿತ್ತೆಂದರೆ, ಮಾಘಮಾಸದ ಬೆಳಗ್ಗೆ ಅದರ ಮೇಲಿಟ್ಟ ತುಪ್ಪವನ್ನು ಉಳಿ, ಸುತ್ತಿಗೆ ಹಿಡಿದೇ ಒಡೆಯಬೇಕಾಗಿತ್ತು. ಒಮ್ಮೆ ಒಂದು ಬೆಕ್ಕು ಅಲ್ಲಿ ಮಲಗಿ, ಏಳಲು ಹೋದಾಗ ಬರೀ ಮಿಯಾವ್ ಎದ್ದು ಹೊರಗೆ ಹೋಯಿತಂತೆ. ಬಿಸಿಲೇರಿದ ಮೇಲೆ ಬೆಕ್ಕು ಅದನ್ನು ಹುಡುಕಿಕೊಂಡು ಹೋಯಿತಂತೆ. ಹೀಗೆಲ್ಲ ಹೇಳುವವನು ಮರಗೆಲಸದ ಚೌಡಯ್ಯ; ಅವನ ಮಾತಿನಲ್ಲಿ ಮುಕ್ಕಾಲು ಪಾಲು ಕಳೆದುಬಿಡುವುದು ಮದ್ದೂರಿನವರ ರೂಢಿ. ಈ ನೆಲದ ವಿಷಯದಲ್ಲಿ ಹಾಗೆ ಕಳೆದ ಮೇಲೂ ಕಾಲು ಮರಗಟ್ಟುವಷ್ಟು ಚಳಿ ಉಳಿಯುತ್ತಿತ್ತು.

ಮಳವಳ್ಳಿ ಕಡೆಯಿಂದ ಬೆಲ್ಲ ತುಂಬಿಕೊಂಡು ಮದ್ದೂರು ಸ್ಟೇಷನ್ನಿಗೆ ಬರುವ ಗಾಡಿಯವರೆಲ್ಲ ದೊಡ್ಡತಾಯಮ್ಮನ ಮನೆಯ ಮುಂದೆ ನೊಗ ಇಳಿಸುತ್ತಿದ್ದರು. ಆಕೆ ಬೇಯಿಸಿ ಬಡಿಸುವ ರಾಗಿ ಹಿಟ್ಟಿನ ಮುದ್ದೆ, ಹುರುಳಿಸಾರು ಹೊಟ್ಟೆಗೆ ಬಿದ್ದರೆ ಎತ್ತು ಬಿಚ್ಚಿ ತಾವೇ ಗಾಡಿ ಎಳೆದುಕೊಂಡು ಹೋಗುವಷ್ಟು ಕಸುವು ಬರುತ್ತಿತ್ತು. ಆ ಮುದ್ದೆ ತಿರುವುವುದೇನು ಸಾಮಾನ್ಯದ ಕೆಲಸವೇ? ಮೂರು ಒಲೆ, ಮೂರು ಗುಡಾಣದಂಥ ಮಡಕೆ. ಆಕೆ ಕಲ್ಲುಚಪ್ಪಡಿಯ ಮೇಲೆ ಕೂತು, ಕವೆಗೋಲನ್ನು ಕಾಲಲ್ಲಿ ಅದುಮಿ ಮಡಕೆ ಅಲುಗಾಡದಂತೆ ಹಿಡಿದು, ಒನಕೆಯಂಥ ಹಿಟ್ಟಿನ ಕೋಲಿನಿಂದ ತಿರುವುತ್ತಿದ್ದಳು. ಒಂದಾದ ಮೇಲೆ ಇನ್ನೊಂದು ಒಲೆಗೆ ಎದ್ದು ಹೋಗಬೇಕು, ಮತ್ತೆ ಕೂರಬೇಕು. ಮೂವತ್ತು ವರ್ಷ ಹೀಗೆ ಕೂತೂ ಎದ್ದೂ ಆ ಕಲ್ಲಿನ ಚಳಿ ಮೊಣಕಾಲಿನೊಳಗೆ ಮನೆ ಮಾಡಿತ್ತು. ಮಣೆ ಹಾಕಿಕೊಂಡರೆ ಕೂತ ಜಾಗಕ್ಕಾಯಿತು, ಪಾದ ಕಲ್ಲಿನ ಮೇಲೇ. ಚಾಪೆ ಹಾಸಿದರೆ ಒಲೆಯ ಕಿಡಿಗೆ ಚಾಪೆ ಉಳಿಯಲಿಲ್ಲ.

ಪಂಡಿತರು ನಾಡಿ ಹಿಡಿದು, “ಇನ್ನೊಂದು ವರ್ಷ ಈ ಕಲ್ಲಿನ ಮೇಲೆ ಕೂತರೆ ನೀನೂ ಕಲ್ಲಾಗ್ತೀಯಮ್ಮ” ಎಂದುಬಿಟ್ಟರು. ದೊಡ್ಡತಾಯಮ್ಮ ಗಾಡಿಯವರನ್ನೆಲ್ಲ ಕರೆದು ಹೇಳಿದಳು: “ಉಗಾದಿವರ್ಗೂ ಇಕ್ತೀನಿ ಕಣ್ರಪ್ಪ. ಆಮೇಕೆ ಒಲೆ ಆರುಸ್ಬುಡ್ತೀನಿ. ಬೇರೆ ಕಡೆ ನೋಡ್ಕಳ್ಳಿ.”

ಆ ಮಾತು ಕೇಳಿ, ಗಾಡಿಯವರ ಜೊತೆ ಉಣ್ಣುತ್ತಿದ್ದ ಚೌಡಯ್ಯ ಕೈಲಿದ್ದ ತುತ್ತನ್ನು ಎಲೆಗೇ ಇಳಿಸಿದ. ಅವನ ಪಾಲಿಗೆ ಆ ಒಲೆ ಬರೀ ಹೊಟ್ಟೆಯ ಮಾತಾಗಿರಲಿಲ್ಲ. ಮೂರು ವರ್ಷದ ಹಿಂದೆ ಅವನ ಹೆಂಡತಿ ಚಿಕ್ಕಮಾದಮ್ಮನನ್ನು ಹೆರಿಗೆಗೆಂದು ಗಾಡಿಯಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲೇ ನೋವು ಕಾಣಿಸಿಕೊಂಡು, ಗಾಡಿ ನಿಂತದ್ದು ದೊಡ್ಡತಾಯಮ್ಮನ ಬಾಗಿಲಲ್ಲಿ. ಮಗು ಅಡ್ಡ ತಿರುಗಿತ್ತು. ಆಕೆ ಒಲೆಯ ಮೇಲಿನ ಮಡಕೆ ಇಳಿಸಿ, ನೀರು ಕಾಯಿಸಿ, ಸೂಲಗಿತ್ತಿ ಬರುವುದರೊಳಗೆ ಎರಡು ಜೀವ ಉಳಿಸಿಕೊಟ್ಟಳು. ಅವನಿಗೂ ತಾಯಿಯಿಲ್ಲ, ಚಿಕ್ಕಮಾದಮ್ಮನಿಗೂ ತಾಯಿಯಿಲ್ಲ. “ಇನ್ನೆಲ್ಗೆ ಓದೀರಿ?” ಎಂದು ಮೂರು ತಿಂಗಳು ತನ್ನ ಮನೆಯಲ್ಲೇ ಇಟ್ಟುಕೊಂಡು ಬಾಣಂತನ ಮಾಡಿದಳು. ಎಣ್ಣೆ, ಬಿಸಿನೀರು, ಸಾಂಬ್ರಾಣಿ, ಬೆಳ್ಳುಳ್ಳಿ ಸಾರು. ಆ ಬಾಣಂತನದಲ್ಲಿ ಚಿಕ್ಕಮಾದಮ್ಮ ಎಷ್ಟು ತುಂಬಿಕೊಂಡಳೆಂದರೆ, ವಾಪಸು ಹೋಗುವಾಗ ಗಾಡಿಗೆ ಇನ್ನೊಂದು ಜೊತೆ ಎತ್ತು ಕಟ್ಟಬೇಕಾಯಿತು. ಇದರಲ್ಲೂ ಮುಕ್ಕಾಲು ಕಳೆಯಿರಿ.

ಚೌಡಯ್ಯ ಕೈ ತೊಳೆದು ಬಂದು ನಿಂತ. “ಒಲೆ ಆರುಸ್ಬ್ಯಾಡ ಕನವ್ವ. ನಾನು ನಿಂಗೆ ಮರದ ನೆಲ ಆಕ್ಕೊಡ್ತೀನಿ.”

“ಮರದ ನೆಲಾನಾ? ಅದೇನ್ಲಾ, ಅಟ್ಟ ತಂದು ಕೆಳೀಕೆ ಆಕ್ತೀಯಾ?”

“ಬಂಗಲೇಲಿ ಸಾಯೇಬ್ರು ಆಕುಸ್ಕಂಡವ್ರಲ್ಲ, ಅದು. ಅದ್ರ ಮ್ಯಾಲೆ ಕೂತ್ರೆ ಎಮ್ಮೆ ಬೆನ್ನ ಮ್ಯಾಲೆ ಕೂತಂಗೆ ಬೆಚ್ಗಿರ್ತದೆ. ಅಂತ ಅದಿನೇಳು ಬಂಗಲೆ ಮಾಡಿವ್ನಿ ನಾನು!”

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ದೊಡ್ಡ ಅಧಿಕಾರಿಗಳಿಗೆ ಬಂಗಲೆ ಕಟ್ಟುವಾಗ ಚೌಡಯ್ಯ ಅಲ್ಲಿ ಕೆಲಸಕ್ಕಿದ್ದದ್ದು ನಿಜ. ಹದಿನೇಳು ಎಂಬ ಲೆಕ್ಕವೂ ನಿಜ. ಬಂಗಲೆ ಒಂದು, ದಿನ ಹದಿನೇಳು. ಅವನು ಹಲಗೆ ಹೊತ್ತುಕೊಡುತ್ತಿದ್ದ, ಅಂಟು ಕಾಯಿಸುತ್ತಿದ್ದ. ಆಮೇಲೆ ಊರಿಗೆ ಬಂದು ನೇಗಿಲು, ಬಾಗಿಲು ಎಂದು ಮರಗೆಲಸ ಕಲಿತು ಮೇಸ್ತ್ರಿ ಅನ್ನಿಸಿಕೊಂಡಿದ್ದ. ನೆಲ ಹಾಕಿದ ನಿಜವಾದ ಮೇಸ್ತ್ರಿ ಗುತ್ತಲಿನ ನಜೀರ್ ಅಹ್ಮದ್ ಸಾಬರು. ಅವರು ಉಜ್ಜುಗೊರಡು ಹಾಕಿದರೆ ಮರದ ಸಿಪ್ಪೆ ಎಷ್ಟು ತೆಳ್ಳಗೆ ಏಳುತ್ತಿತ್ತೆಂದರೆ ಅದರಾಚೆ ನಿಂತವರ ಮುಖದ ಮೇಲಿನ ಸಿಡುಬಿನ ಕಲೆ ಎಣಿಸಬಹುದಿತ್ತು.

ಮಾರನೆಯ ದಿನವೇ ಚೌಡಯ್ಯ ಗುತ್ತಲಿಗೆ ಹೋದ. ಸಾಬರಿಗೆ ಎರಡು ಕಣ್ಣಿಗೂ ಪೊರೆ ಬಂದು ಕೆಲಸ ನಿಂತಿತ್ತು. ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, ತಮ್ಮ ರಸಮಟ್ಟವನ್ನೂ ಉಜ್ಜುಗೊರಡನ್ನೂ ಕೊಟ್ಟರು.

“ನೋಡು ಚೌಡಯ್ಯ, ಮೊದ್ಲು ಕಲ್ಲಿನ ಮೇಲೆ ಅಡ್ಡಪಟ್ಟಿ ಕೂರ್ಸು. ಅದರ ಮೇಲೆ ಒರಟು ಹಲಗೆ. ಅದು ಹೀಗ್ ಹೋದ್ರೆ, ಮೇಲಿನ ಒಳ್ಳೇ ಹಲಗೆ ಹಾಗ್ ಹೋಗ್ಬೇಕು. ಒಂದರ ಅಂಚಿಗೆ ನಾಲಗೆ, ಇನ್ನೊಂದರ ಅಂಚಿಗೆ ಕಾಲುವೆ. ಮೊಳೆ ನಾಲಗೇಲೇ ಓರೆಯಾಗಿ ಹೊಡಿ, ತಲೆ ಕಾಣಬಾರ್ದು. ಒಲೆ ಸುತ್ತ ಎರಡು ಗೇಣು ಕಲ್ಲು ಹಾಗೇ ಇರ್ಲಿ, ಕಿಡಿ ಬೀಳುತ್ತೆ. ಆಮೇಲೆ ಗೋಡೆ ಹತ್ರ ದಮ್ ಬಿಡು. ನಾಲ್ಕೂ ಗೋಡೆ. ಅದೊಂದು ಮರೀಬೇಡ.”

“ಗೊತ್ತು ಬುಡಿ ಸಾಬ್ರೆ! ದಮ್ ಬುಡ್ದೆ ನೆಲ ಆಕಾದುಂಟಾ?” ಎಂದ ಚೌಡಯ್ಯ.

ಗೊತ್ತಿರಲಿಲ್ಲ. ಆದರೆ ಹದಿನೇಳು ಬಂಗಲೆ ಮಾಡಿದವನು ಅದೇನೆಂದು ಕೇಳುವುದು ಹೇಗೆ? ಅಲ್ಲಿಂದ ಮದ್ದೂರಿನ ತನಕ ಹತ್ತು ಹನ್ನೆರಡು ಮೈಲಿ ಯೋಚಿಸಿಕೊಂಡೇ ಬಂದ. ಶಿವಪುರ ದಾಟುವುದರೊಳಗೆ ಅವನಿಗೆ ಹೊಳೆದುಬಿಟ್ಟಿತು. ದಮ್ ಅಂದರೆ ಉಸಿರು. ಮೇಸ್ತ್ರಿಗಳ ಒಳಗುಟ್ಟು ಇದು! ಗೋಡೆಯ ಬಳಿ ಬಂದಾಗ ಉಸಿರು ಬಿಡಬೇಕು.

ಬಸರಾಳಿನಲ್ಲಿ ಹಳೆಯದೊಂದು ಮನೆ ಕೆಡವುತ್ತಿದ್ದರು. ಅಲ್ಲಿನ ಅಟ್ಟದ ಹೊನ್ನೆ ಹಲಗೆಗಳು ಅರವತ್ತು ವರ್ಷ ಒಲೆಯ ಹೊಗೆ ಕುಡಿದು ಒಣಗಿ, ಬೆರಳಲ್ಲಿ ತಟ್ಟಿದರೆ ದೇವಸ್ಥಾನದ ಗಂಟೆಯಂತೆ ಮೊಳಗುತ್ತಿದ್ದವು. ಆ ಮನೆಯವರ ಹೊಸ ಮನೆಗೆ ಎಂಟು ಜೊತೆ ಬಾಗಿಲು ಮಾಡಿಕೊಡುವ ಒಪ್ಪಂದದ ಮೇಲೆ ಚೌಡಯ್ಯ ಅವನ್ನು ಪಡೆದ. ಬೆಲ್ಲದ ಗಾಡಿಯ ಅಂಕಯ್ಯ ಹೇರಿಕೊಂಡು ತಂದ. ಯುದ್ಧದ ಕಾಲ, ಅಂಗಡಿಯಲ್ಲಿ ಮೊಳೆ ಎಂಬುದು ಚಿನ್ನದ ಹಾಗೆ. ಮುರಿದ ಗಾಡಿ ಚಕ್ರದ ಪಟ್ಟಿಯನ್ನು ಕಮ್ಮಾರನ ಕುಲುಮೆಗೆ ಹಾಕಿಸಿ ಒಂದೊಂದೇ ಮೊಳೆ ಬಡಿಸಿದ್ದಾಯಿತು.

ಕಲ್ಲಿನ ಮೇಲೆ ಒಣಮರಳು, ಸುಣ್ಣದ ಪುಡಿ ಹರಡಿ ಪಟ್ಟಿ ಕೂರಿಸಿದ. ಅದರ ಮೇಲೆ ಮಾವಿನ ಒರಟು ಹಲಗೆ. ಅದರ ಮೇಲೆ ಹೊನ್ನೆ. ಚೌಡಯ್ಯ ಒಂದೊಂದು ಹಲಗೆಯನ್ನೂ ಕೊಡತಿಯಿಂದ ಬಡಿದು ಎಷ್ಟು ಬಿಗಿಯಾಗಿ ಕೂರಿಸಿದನೆಂದರೆ, ಎರಡು ಹಲಗೆಯ ನಡುವೆ ಇರುವೆಗೆ ಹೋಗಲಿ, ಇರುವೆಯ ನೆರಳಿಗೂ ಜಾಗವಿರಲಿಲ್ಲ. ಗೋಡೆಯ ಬಳಿಯಂತೂ ಕೊನೆಯ ಹಲಗೆಯನ್ನು ಕೂದಲೆಳೆಯಷ್ಟೂ ಬಿಡದೆ ಸೇರಿಸಿ, ಎದ್ದು ನಿಂತು, ಎದೆ ತುಂಬ ಗಾಳಿ ಎಳೆದು, ಗೋಡೆಯ ಕಡೆಗೆ “ಹೂ...ಫ್!” ಎಂದು ಬಿಟ್ಟ. ಒಲೆಯ ಬೂದಿ ಎದ್ದು ಅಂಕಯ್ಯನ ಮೀಸೆಯ ಮೇಲೆ ಕೂತಿತು.

“ಏನ್ಲಾ ಅದು, ಆವಿನಂಗೆ ಬುಸ್ ಅಂತೀಯಾ?” ಎಂದ ಅಂಕಯ್ಯ, ಕಣ್ಣುಜ್ಜಿಕೊಳ್ಳುತ್ತ.

“ದಮ್ ಬುಡ್ತಾವ್ನಿ. ಬಂಗಲೆ ಇದ್ಯೆ ಕಣ್ಲಾ ಇದು. ನಿಂಗರ್ತಾಗಕಿಲ್ಲ.”

“ನಮ್ಮೆತ್ತೂ ಬುಡ್ತದೆ, ಆಗಲಗೆರೆ ದಿಬ್ಬ ಅತ್ವಾಗ. ಅದ್ಕೂ ಇದ್ಯೆ ಬತ್ತದೇನ್ಲಾ?”

ನಾಲ್ಕು ಗೋಡೆಗೂ ಚೌಡಯ್ಯ ತಪ್ಪದೆ ದಮ್ ಬಿಟ್ಟ. ಬಡಗಣ ಗೋಡೆ ಉದ್ದ ಜಾಸ್ತಿ ಎಂದು ಅದಕ್ಕೆ ಎರಡು.

ಹನ್ನೊಂದನೆಯ ದಿನಕ್ಕೆ ನೆಲ ಮುಗಿಯಿತು. ಕೆಂಪು ಹಳದಿ ಬೆರೆತ ಆ ಹೊನ್ನೆಯ ಹೊಳಪಿಗೆ ಬೆಳಗಿನ ಸೂರ್ಯ ಒಳಗೆ ಇಣುಕಿ ನಾಚಿಕೊಂಡು ಮೋಡದ ಹಿಂದೆ ಹೋದ. ದೊಡ್ಡತಾಯಮ್ಮ ಹೊಸ್ತಿಲ ಆಚೆ ನಿಂತು ಬಲಗಾಲನ್ನು ಮೆಲ್ಲಗೆ ಇಟ್ಟಳು, ಎಡಗಾಲನ್ನೂ ಇಟ್ಟಳು. ಆಮೇಲೆ ಕೂತು, ಅಂಗೈಯಿಂದ ಹಲಗೆ ಸವರಿದಳು.

“ಚೌಡಾ, ಜೀವ ಐತೆ ಕಣ್ಲಾ ಇದ್ಕೆ,” ಎಂದಳು. ಕಣ್ಣಲ್ಲಿ ನೀರಿತ್ತು.

ಚೌಡಯ್ಯ ಹೆಂಡತಿ ಮಗಳನ್ನು ಕರೆದುಕೊಂಡು ಮುತ್ತತ್ತಿ ಆಂಜನೇಯನ ಹರಕೆ ತೀರಿಸಲು ಹೊರಟ. ಹೋಗಿ ಬರುವುದಕ್ಕೆ ಮೂರು ದಿನ ಸಾಕು. ದಾರಿಯಲ್ಲಿ ಸಿಕ್ಕ ಹಳ್ಳಿಹಳ್ಳಿಯಲ್ಲೂ ನೆಲದ ಕಥೆ ಹೇಳಿಕೊಂಡು ಹೋದದ್ದರಿಂದ ಒಂಬತ್ತು ದಿನವಾಯಿತು. ಹಲಗೂರಿನಲ್ಲಿ ನೆಲ ಅಡುಗೆಮನೆಯಷ್ಟಿದ್ದದ್ದು ಮುತ್ತತ್ತಿ ತಲುಪುವಾಗ ದರ್ಬಾರು ಹಾಲಿನಷ್ಟಾಗಿತ್ತು.

ಹತ್ತನೆಯ ದಿನ ಅವನು ಮದ್ದೂರಿಗೆ ಬಂದಾಗ ಅಂಕಯ್ಯ ಬಾಗಿಲಲ್ಲೇ ತಡೆದ. “ಬಾ ಮೇಸ್ತ್ರಿ. ನೆಲ ನೋಡಾಕೆ ಏಣಿ ತಂದಿದ್ದೀಯಾ?”

ಚೌಡಯ್ಯ ಒಳಗೆ ಇಣುಕಿದ. ಅಡುಗೆಮನೆಯ ನಟ್ಟನಡುವೆ ನೆಲ ಎದ್ದು ನಿಂತಿತ್ತು! ಹಲಗೆಗಳು ಒಂದನ್ನೊಂದು ದೂಡಿಕೊಂಡು, ಒಂಟೆಯ ಬೆನ್ನಿನ ಹಾಗೆ ಉಬ್ಬಿ, ಅಡಿಯ ಮೊಳೆಗಳನ್ನು ಕಿತ್ತುಕೊಂಡು ಮೇಲೆ ಬಂದಿದ್ದವು. ಆ ದಿಬ್ಬದ ಈಚೆ ಇಟ್ಟ ತೆಂಗಿನಕಾಯಿ ಉರುಳಿ ಬೀದಿಗೆ, ಆಚೆ ಇಟ್ಟದ್ದು ಹಿತ್ತಿಲಿಗೆ. ಹಿತ್ತಿಲ ಬಾಗಿಲಂತೂ ಅರ್ಧಕ್ಕೆ ಸಿಕ್ಕಿಕೊಂಡು ತೆರೆಯಲೊಲ್ಲದು. ಒಲೆ ಆರಿತ್ತು.

ದೊಡ್ಡತಾಯಮ್ಮ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. “ನಿನ್ನ ನೆಲಾನ ಆಳ್ಮಾಡ್ಬುಟ್ಟೆ ಕಣಪ್ಪ. ಏನ್ ಪಾಪ ಮಾಡಿದ್ನೋ, ಒಳ್ಳೇದು ನನ್ ಕೈಗೆ ಅತ್ತಾಕಿಲ್ಲ.”

“ನೀನೇನವ್ವ ಮಾಡ್ದೆ?”

“ಏನೂ ಮಾಡ್ಲಿಲ್ಲ ಕಣ್ಲಾ, ಚೆಂದಾಗೇ ನೋಡ್ಕಂಡೆ. ಕಲ್ಲಿನ ನೆಲಕ್ಕೆ ದಿನಾ ಒಂದ್ ಸರ್ತಿ ಸಗಣಿ ಆಕಿ ಸಾರಿಸ್ತಿದ್ದೆ. ಇಂತ ಮಾಲಕ್ಷ್ಮಿಯಂತ ನೆಲಕ್ಕೆ ಒಂದ್ ಸರ್ತಿ ಸಾಕಾ? ಒತ್ತಾರೆ ಎರಡು ಕೊಡ, ಬೈಗೆ ಎರಡು ಕೊಡ ನೀರೆರೆದು, ಸಗಣಿ ಸಾರಿಸಿ, ರಂಗೋಲೆ ಬುಟ್ಟೆ.”

ಅರವತ್ತು ವರ್ಷ ಹೊಗೆ ಕುಡಿದು ಬಾಯಾರಿದ್ದ ಹೊನ್ನೆ ಒಂಬತ್ತು ದಿನ ಎಡೆಬಿಡದೆ ನೀರು ಕುಡಿದಿತ್ತು. ಶಿಂಷಾ ಹೊಳೆಯಲ್ಲಿ ಆ ವಾರ ಮೊಣಕಾಲುದ್ದ ನೀರು ಇಳಿದದ್ದು ಇದಕ್ಕೇ ಎಂದು ಆಮೇಲೆ ಕೆಲವರು ಆಡಿಕೊಂಡರು.

“ಓಗ್ಲಿ ಬುಡು,” ಎಂದಳು ದೊಡ್ಡತಾಯಮ್ಮ. “ಉಗಾದಿ ಯಾಕೆ, ಇವತ್ತೇ ಆರಿಸ್ದೆ ಅಂತ್ಲೇ ಇಟ್ಕಳ್ಳಿ. ಮತ್ತೆ ಆ ಕಲ್ಲಿನ್ ಮ್ಯಾಲೆ ಕೂರಾಕೆ ನನ್ ಕೈಲಿ ಆಗಕಿಲ್ಲ. ಒಂದೆರಡ್ ದಿನ ಬೆಚ್ಗೆ ಕೂತ್ಬುಟ್ನಲ್ಲ, ಈಗ ಆ ಚಳಿ ನೆನುಸ್ಕಂಡ್ರೇ ಕಾಲು ನಡುಗ್ತದೆ.”

ಚೌಡಯ್ಯ ಅಂಕಯ್ಯನ ಗಾಡಿ ಹತ್ತಿ ನೆಟ್ಟಗೆ ಗುತ್ತಲಿಗೆ ಹೋಗಿ, ನಜೀರ್ ಸಾಬರನ್ನು ಕೈ ಹಿಡಿದು ಕೂರಿಸಿಕೊಂಡು ಬಂದ. ದಾರಿಯುದ್ದಕ್ಕೂ ನೀರಿನ ಸಂಗತಿ ಹೇಳಿದನೇ ಹೊರತು ಬೇರೆ ಮಾತಿಲ್ಲ.

ಸಾಬರು ಅಡುಗೆಮನೆಯ ಹೊಸ್ತಿಲಲ್ಲಿ ತಡೆದು ನಿಂತರು. “ನಾನು ಇಲ್ಲಿಂದ್ಲೇ ಕೈಯಾಡಿಸಿ ನೋಡ್ತೀನಿ ಅಮ್ಮಾ. ಒಳಗೆ ಬೇಡ, ನಿಮ್ಮ ಒಲೆ ಇದೆ.”

“ಬನ್ನಿ ಸಾಬ್ರೆ,” ಎಂದಳು ದೊಡ್ಡತಾಯಮ್ಮ. “ನೆಲಾನೇ ಕಿತ್ತೋಗೈತೆ, ಮೈಲಿಗೆ ಎಲ್ ಕೂತ್ಕಂಡಾದು?”

ಸಾಬರು ನಕ್ಕು ಒಳಗೆ ಬಂದು ಮಂಡಿಯೂರಿದರು. ಕಣ್ಣು ಕಾಣದಿದ್ದರೂ ಅವರ ಬೆರಳ ತುದಿಗೆ ಹತ್ತು ಕಣ್ಣು. ಉಬ್ಬು ಸವರಿದರು, ನಾಲಗೆ ಕಾಲುವೆ ಸವರಿದರು. “ವಾಹ್, ಕೆಲಸ ಚೆನ್ನಾಗ್ ಮಾಡಿದೀಯ. ಮಟ್ಟ ಸರಿಯಿದೆ, ಮೊಳೆ ಸರಿಯಿದೆ.” ಗೋಡೆಯ ಬಳಿ ಬಂದರು. ಬೆರಳು ನಿಂತಿತು. ಇನ್ನೊಂದು ಗೋಡೆ ಮುಟ್ಟಿದರು. “ಚೌಡಯ್ಯ, ದಮ್ ಎಲ್ಲಿ?”

“ಬುಟ್ಟೆ ಸಾಬ್ರೆ! ನಾಲ್ಕೂ ಗೋಡೆಗೆ ಬುಟ್ಟೆ!”

“ಎಲ್ಲಪ್ಪಾ? ಬೆರಳು ಹೋಗೋಕ್ಕೆ ಜಾಗ ಇಲ್ಲ.”

“ನಾನು ಸಾಕ್ಸಿ,” ಎಂದ ಅಂಕಯ್ಯ. “ನನ್ ಮೀಸೆ ಕೇಳಿ. ಇಂಗೆ ಬುಟ್ಟ...” ಎಂದು ಎದೆಯುಬ್ಬಿಸಿ ಗೋಡೆಯ ಕಡೆಗೆ “ಹೂ...ಫ್!” ಎಂದು ತೋರಿಸಿದ.

ಸಾಬರಿಗೆ ಆಗ ಅರ್ಥವಾಯಿತು. ಅವರು ನಕ್ಕ ನಗುವಿಗೆ ಮದ್ದೂರು ಸ್ಟೇಷನ್ನಿನಲ್ಲಿ ಹೊರಡಬೇಕಿದ್ದ ರೈಲು, ಸೀಟಿ ಊದಿದ್ದು ಯಾರೆಂದು ತಿಳಿಯದೆ ಐದು ನಿಮಿಷ ನಿಂತಿತು. “ಅಲ್ಲಾ! ದಮ್ ಬಿಡೋದು ನೀನಲ್ಲಪ್ಪಾ, ಮರ! ಮರ ಉಸಿರಾಡೋಕ್ಕೆ ಗೋಡೆ ಪಕ್ಕ ಒಂದು ಬೆರಳು ಸಂದು ಬಿಡಬೇಕು. ಮಳೆಗಾಲದಲ್ಲಿ ಅದು ಹಿಗ್ಗಿ ಮೈ ಬಿಡುತ್ತೆ, ಬೇಸಿಗೇಲಿ ಕುಗ್ಗಿ ಮೈ ಹಿಡಿಯುತ್ತೆ. ಜಾಗ ಕೊಡದಿದ್ರೆ ಎಲ್ಲಿಗೆ ಹೋಗಬೇಕು? ಮೇಲಕ್ಕೆ ಎದ್ದು ಬಂತು.”

ಚೌಡಯ್ಯ ದೊಡ್ಡತಾಯಮ್ಮನ ಮುಂದೆ ನೆಲಕ್ಕೆ, ಅಂದರೆ ದಿಬ್ಬಕ್ಕೆ, ಕುಸಿದು ಕೂತ. “ತಪ್ಪು ನಂದು ಕನವ್ವ. ನೀನು ನೀರ್ ಆಕಿದ್ದಲ್ಲ. ನಾನು ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ಅದಿನೇಳ್ ಬಂಗಲೆ ಅಲ್ಲ, ಅದಿನೇಳ್ ದಿನ. ಅಲಗೆ ಒತ್ತಿವ್ನಿ ಅಷ್ಟೆ.”

“ಅದು ನಂಗೆ ಮೊದ್ಲೇ ಗೊತ್ತಿತ್ತು ಬುಡ್ಲಾ,” ಎಂದಳು ದೊಡ್ಡತಾಯಮ್ಮ. “ಆದ್ರೂ ಕೊಡ ಕೊಡ ನೀರೆರೆದೋಳು ನಾನು. ತಪ್ಪು ನಂದೇ.”

“ಇಲ್ಲಮ್ಮಾ, ನಂದು,” ಎಂದರು ಸಾಬರು. “ಬಂಗಲೇಲಿ ಯಾರೂ ಸಗಣಿ ಸಾರಿಸಲ್ಲ. ನೀರು ಬೇಡ ಅಂತ ಹೇಳಬೇಕು ಅನ್ನೋದು ನನ್ನ ತಲೆಗೇ ಬರಲಿಲ್ಲ. ಇದು ಯಾರ ಅಡುಗೆಮನೆ ಅಂತ ನಾನು ಯೋಚನೆ ಮಾಡಬೇಕಿತ್ತು.”

ಮೂವರೂ ತಪ್ಪನ್ನು ಹೋಳಿಗೆಯ ಹಾಗೆ ತನಗೆ ತನಗೆ ಎಂದು ಎಳೆದಾಡತೊಡಗಿದರು. ಕೊನೆಗೆ ಅಂಕಯ್ಯ, “ಜಗಳ ಬ್ಯಾಡಿ, ಅಲಗೆ ತಂದೋನು ನಾನು, ನಂದೇ ತಪ್ಪು ಅಂತ ಬರ್ಕಳ್ಳಿ. ಈಗ ಎತ್ರಪ್ಪ ಇದ್ನ, ಒಟ್ಟೆ ಅಸೀತೈತೆ,” ಎಂದ ಮೇಲೆ ನಿಂತಿತು.

ಒಂದೊಂದೇ ಹಲಗೆ ಕಿತ್ತು, ಅಟ್ಟಿ ಕಟ್ಟಿ, ಮಧ್ಯೆ ಗಾಳಿಯಾಡಲು ಕಡ್ಡಿಯಿಟ್ಟು, ಮೇಲೆ ಬೀಸುವ ಕಲ್ಲು ಹೇರಿ ನೆರಳಲ್ಲಿ ಒಣಗಿಸಿದರು. ಹಿಂದೆ ಚಿಕ್ಕಮಾದಮ್ಮ ಬಾಣಂತಿಯಾಗಿ ಮಲಗಿದ್ದ ಕೋಣೆಯಲ್ಲಿ ಸಾಬರು ಇಳಿದುಕೊಂಡರು. ಈಗ ಚಿಕ್ಕಮಾದಮ್ಮ ಬಂದು ಹಿತ್ತಿಲಲ್ಲಿ ಕಲ್ಲು ಹೂಡಿ ಗಾಡಿಯವರಿಗೆ ಬೇಯಿಸಿ ಹಾಕಿದಳು. ದೊಡ್ಡತಾಯಮ್ಮನ ಕೈಗೆ ಕೋಲು ಮುಟ್ಟಗೊಡಲಿಲ್ಲ. “ಅಂದು ನೀನ್ ನನ್ನ ಎದ್ದೇಳಕ್ಕೆ ಬುಟ್ಟಿದ್ಯಾ? ಸುಮ್ಕೆ ಕೂತ್ಕೊ ಅತ್ತಾಗೆ!” ಎಂದು ಗದರಿದಳು.

ಹದಿನೆಂಟು ದಿನಕ್ಕೆ ಹಲಗೆಗಳು ಮತ್ತೆ ಮೊಳಗತೊಡಗಿದವು. ಈ ಸಲ ಸಾಬರು ಗೋಡೆಯ ಬಳಿ ತಮ್ಮ ಬೆರಳನ್ನೇ ಇಟ್ಟು ಕೂತರು. ಬೆರಳಿಗೆ ತಾಗದಂತೆ ಚೌಡಯ್ಯ ಹಲಗೆ ಇಳಿಸಿದ. ಆ ಸಂದಿನ ಮೇಲೆ ಗೋಡೆಗೊಂದು ತೆಳುಪಟ್ಟಿ ಹೊಡೆದು ಮುಚ್ಚಿದ. ಹಲಗೆ ಕೂರಿಸುವಾಗೆಲ್ಲ ತನಗೆ ಗೊತ್ತಿಲ್ಲದ್ದನ್ನು ಕೇಳಿದ. ಗೊತ್ತಿದ್ದದ್ದನ್ನೂ ಕೇಳಿದ. ಸಾಬರಿಗೇ ಸಾಕಾಗಿ, “ಅರೆ, ಸುತ್ತಿಗೆ ಯಾವ ಕೈಲಿ ಹಿಡೀಬೇಕು ಅಂತಾನೂ ಕೇಳ್ತೀಯಾ?” ಎಂದು ರೇಗಿದರು.

ಉಳಿದದ್ದು ಸಗಣಿಯ ಪ್ರಶ್ನೆ. ಸಾರಿಸದ ಅಡುಗೆಮನೆಯಲ್ಲಿ ಒಲೆ ಹಚ್ಚಲು ದೊಡ್ಡತಾಯಮ್ಮನ ಕೈ ಬರುವುದಿಲ್ಲ. ಸಾರಿಸಿದರೆ ನೆಲ ಉಳಿಯುವುದಿಲ್ಲ. ಸಾಬರು ತಲೆ ಕೆರೆದರು, ಚೌಡಯ್ಯ ಕೆರೆದ. ದೊಡ್ಡತಾಯಮ್ಮನೇ ದಾರಿ ಹುಡುಕಿದಳು.

“ಒಲೆ ಸುತ್ತ ಎರಡು ಗೇಣು ಕಲ್ಲು ಬುಟ್ಟಿದ್ದೀಯಲ್ಲ, ಅದ್ಕೆ ಸಗಣಿ ಸಾರಿಸ್ತೀನಿ. ಒಲೆ ಮರ್ವಾದೆ ಒಲೆಗಾಯ್ತು. ಈ ಮರಕ್ಕೆ ಎಣ್ಣೆ ಆಗ್ತದಾ ಸಾಬ್ರೆ?”

“ಎಣ್ಣೆ ಅಂದ್ರೆ ಮರಕ್ಕೆ ಹಬ್ಬ ಅಮ್ಮಾ. ಅಗಸೆ ಎಣ್ಣೆ, ಬಟ್ಟೇಲಿ ತೆಳ್ಳಗೆ. ನೀರು ಮಾತ್ರ ಬೇಡ.”

“ಅಂಗಾದ್ರೆ ವಾರಕ್ಕೊಂದ್ ದಿನ ಎಣ್ಣೆ ಸಾರಿಸ್ತೀನಿ. ಸಾರಿಸಾದು ಸಾರಿಸಾದೇ ತಾನೆ? ದೇವ್ರೇನ್ ಬಗ್ಗಿ ಮೂಸಿ ನೋಡಾನಾ?”

ಯುಗಾದಿಯ ಮಾರನೆಯ ದಿನ ಮಳವಳ್ಳಿ ಗಾಡಿಗಳು ಬಂದವು. ದೊಡ್ಡತಾಯಮ್ಮ ಮೂರೂ ಒಲೆ ಹಚ್ಚಿದಳು. ಹೊನ್ನೆಯ ಮೇಲೆ ಕೂತು, ಬೆಚ್ಚಗಿನ ಪಾದದಲ್ಲಿ ಕವೆಗೋಲು ಅದುಮಿ, ಮುದ್ದೆ ತಿರುವಿದಳು. ಮೊದಲ ಮಡಕೆ ಮುಗಿಸಿ ಗೋಡೆ ಹಿಡಿಯದೆ ಎದ್ದಳು. ಎರಡನೆಯದಕ್ಕೆ ನಡೆದಳು.

ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದ ಚೌಡಯ್ಯ ಮೆಲ್ಲಗೆ ಕೇಳಿದ: “ಅವ್ವಾ, ನಿನ್ ರುಣ ಒಂದೀಟು ತೀರ್ತಾ?”

ಆಕೆ ಹಿಟ್ಟಿನ ಕೋಲು ಎತ್ತಿ ತೋರಿಸಿದಳು. “ತೀರಿಸ್ಬುಟ್ರೆ ನಾಳಿಂದ ನೀನ್ಯಾರೋ ನಾನ್ಯಾರೋ. ಬಾಯ್ಮುಚ್ಕಂಡು ಇಟ್ಕಳ್ಲಾ ಅದ್ನ. ಈಗ ನಿಂದೂ, ಸಾಬ್ರುದೂ ರುಣ ನನ್ ತಾವ ಐತೆ. ನಾನೇನ್ ವಾಪಸ್ ಕೊಡ್ತೀನಿ ಅಂದ್ನಾ?”

ಹೊರಗೆ ಗಾಡಿಯವರು ಎಲೆ ಹಾಸಿಕೊಂಡು ಕೂತಿದ್ದರು. ಮೂವತ್ತು ವರ್ಷ ಕಲ್ಲಿನ ಮೇಲೆ ಆಕೆಯ ಹೆಜ್ಜೆ ಯಾರಿಗೂ ಕೇಳಿರಲಿಲ್ಲ. ಈಗ ಮರದ ಮೇಲೆ ಧಡ್ ಧಡ್ ಎಂದು ಕೇಳಿತು. ಒಲೆಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ, ನಡುವೆ ಒಂದು ಕಡೆಯೂ ನಿಲ್ಲದೆ.

“ಅವ್ವ ಬಂದ್ಲು, ಎಲೆ ಸರಿ ಮಾಡ್ಕಳ್ರೋ,” ಎಂದ ಅಂಕಯ್ಯ.